ಮಗಳಿಗೊಂದು ಪತ್ರ: ಆಸ್ಪತ್ರೆಯಿಂದ ಮನೆಗೆ ಬಂದ ಕಾವೇರಿ

ಪ್ರೀತಿಯ ಮಗಳೇ,

ನಿನ್ನ ಗೆಳತಿ ಆಸ್ಪತ್ರೆಯಿಂದ ಮನೆಗೆ ಬಂದಳು ಅಂತ ಗೊತ್ತಾಗಿ ಜೀವಕ್ಕೆ ಸಮಾಧಾನವಾಯಿತು. ಹೆರಿಗೆಯಾದ ಮೊದಲ ವಾರದಲ್ಲೇ ಅವಳ ಮನಸ್ಸು ಕದಡಿತು ಅಂದಾಗ ನನಗೂ ತುಂಬಾ ಭಯವಾಗಿತ್ತು. ಈಗ ಹುಷಾರಾಗಿದ್ದಾಳೆ, ಮಗುವೂ ಚೆನ್ನಾಗಿದೆ, ಇನ್ನೇನು ಬೇಕು. ಆದರೆ ನೀನು ಕೇಳಿದ ಮಾತು ಮನಸ್ಸಿನಲ್ಲೇ ಉಳಿದಿದೆ. "ಅಮ್ಮ, ಅವಳನ್ನ ನೋಡೋಕೆ ಹೋಗ್ಬೇಕು. ಏನು ಮಾತಾಡ್ಲಿ? ಏನು ಕೇಳಬಾರದು? ಹೋಗೋಕೇ ಒಂಥರಾ ಭಯ" ಎಂದೆಯಲ್ಲ. ಇದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರವೆಲ್ಲ ಒಂದು ಸಿನಿಮಾದಿಂದ ಬಂದದ್ದು. ಅದರ ಹೆಸರು ನಿನಗೆ ಗೊತ್ತು, ನೋಡಿಲ್ಲ ಅಷ್ಟೆ. ಶರಪಂಜರ. ನನ್ನ ಜೀವನದಲ್ಲಿ ಎಷ್ಟೋ ಸಿನಿಮಾ ಬಂದು ಹೋದವು. ಹಾಡು ನೆನಪಿದೆ, ಕಥೆ ಮರೆತಿದೆ. ಶರಪಂಜರ ಮಾತ್ರ ಹಾಗಲ್ಲ. ಅದನ್ನು ನೋಡಿದ ಮೇಲೆ ನಾನು ಮನುಷ್ಯರನ್ನು ನೋಡುವ ರೀತಿಯೇ ಸ್ವಲ್ಪ ಬೇರೆಯಾಯಿತು.

ಸಿನಿಮಾ ಬಂದದ್ದು 1971ರಲ್ಲಿ. ನಾನು ನೋಡಿದ್ದು ಆಮೇಲೆ, ಅದು ಮತ್ತೊಮ್ಮೆ ನಮ್ಮೂರ ಟಾಕೀಸಿಗೆ ಬಂದಾಗ. ನಿನ್ನ ಅಜ್ಜಿಯ ಜೊತೆ, ಮಧ್ಯಾಹ್ನದ ಆಟಕ್ಕೆ. ಸುತ್ತ ಹೆಂಗಸರೇ ಜಾಸ್ತಿ. ನನಗೆ ಹೈಸ್ಕೂಲಿನ ವಯಸ್ಸು. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಹೊರಗೆ ಬರುವಾಗ ಯಾರೂ ಮಾತಾಡುತ್ತಿರಲಿಲ್ಲ, ಅದು ಮಾತ್ರ ಚೆನ್ನಾಗಿ ನೆನಪಿದೆ. ಸಿನಿಮಾ ಬಿಟ್ಟ ಮೇಲೆ ಗಲಗಲ ಅನ್ನುವ ಜನ ಅವರು.

ಕಥೆ ತ್ರಿವೇಣಿಯವರದು. ಅವರ ಕಾದಂಬರಿಗಳು ನಮ್ಮ ಮನೆಯಲ್ಲಿ ಇದ್ದವು, ನಿನ್ನ ಅಜ್ಜಿ ಓದಿ ಓದಿ ಹಾಳೆ ಸಡಿಲವಾಗಿದ್ದವು. ತ್ರಿವೇಣಿ ಮೈಸೂರಿನವರು, ಕಾಲೇಜಿನಲ್ಲಿ ಮನಃಶಾಸ್ತ್ರ ಓದಿದವರು. ಮನಸ್ಸು ಕೆಟ್ಟರೆ ದೆವ್ವ, ಮಾಟ, ಗ್ರಹಚಾರ ಎನ್ನುತ್ತಿದ್ದ ಕಾಲ ಅದು. ಅವರು ಅದನ್ನು ಕಾಯಿಲೆ ಅಂತಲೇ ಬರೆದರು. ಜ್ವರ ಬಂದು ಹೋಗುವ ಹಾಗೆ ಇದೂ ಬಂದು ಹೋಗುತ್ತದೆ ಅಂತ ಬರೆದರು. 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು. ಮಗಳನ್ನು ಹೆತ್ತ ಸ್ವಲ್ಪ ದಿನಕ್ಕೇ. ಬಾಣಂತಿಯ ಸಂಕಟವನ್ನು ಅಷ್ಟು ಹತ್ತಿರದಿಂದ ಬರೆದವರು ತಾವು ಬಾಣಂತಿಯಾಗಿದ್ದಾಗಲೇ ಹೋಗಿಬಿಟ್ಟರು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸಿನಿಮಾ ನೋಡಲು ಅವರಿರಲಿಲ್ಲ.

ಮಾಡಿದವರು ಪುಟ್ಟಣ್ಣ ಕಣಗಾಲ್. ತ್ರಿವೇಣಿಯವರ 'ಬೆಳ್ಳಿಮೋಡ'ವನ್ನು ಅವರು 1967ರಲ್ಲೇ ತೆರೆಗೆ ತಂದಿದ್ದರು. ಅದರಲ್ಲಿ ಕಲ್ಪನಾ, ಇದರಲ್ಲೂ ಕಲ್ಪನಾ, ಕಾವೇರಿಯ ಪಾತ್ರದಲ್ಲಿ. ಸಂಗೀತ ವಿಜಯಭಾಸ್ಕರ್. ಬೇಂದ್ರೆಯವರ ಕವಿತೆಯೊಂದು ಇದರಲ್ಲಿ ಪ್ರೀತಿಯ ಹಾಡಾಗಿದೆ. ನಾನು ಅಡುಗೆಮನೆಯಲ್ಲಿ ಗುನುಗುವುದನ್ನು ನೀನು ಕೇಳಿಯೇ ಇರುತ್ತೀ.

ಮೊದಲರ್ಧ ಬೇಗ ಹೇಳಿಬಿಡುತ್ತೇನೆ. ಕಾವೇರಿ ಮತ್ತು ಸತೀಶ ಮೆಚ್ಚಿ ಮದುವೆಯಾಗುತ್ತಾರೆ. ಕೊಡಗಿನ ಕಿತ್ತಳೆ ತೋಟ, ಹಾಡು, ನಗು. ಒಂದು ಮಗು. ಸುಖವಾಗಿದ್ದಾರೆ. ಎರಡನೇ ಹೆರಿಗೆಯ ಹೊತ್ತಿಗೆ ಕಾವೇರಿಯ ಮನಸ್ಸು ಕದಡುತ್ತದೆ. ಮದುವೆಗೂ ಮುಂಚೆ ಒಬ್ಬ ಗಂಡಸು ಅವಳನ್ನು ಬಳಸಿಕೊಂಡಿದ್ದ. ಆ ಹಳೆಯ ಗಾಯ ಈಗ ಮೇಲೆದ್ದು ಬರುತ್ತದೆ. ಅವಳನ್ನು ಆಸ್ಪತ್ರೆಗೆ ಸೇರಿಸುತ್ತಾರೆ.

ಬೇರೆ ಯಾರಾದರೂ ಆಗಿದ್ದರೆ ಸಿನಿಮಾ ಅಲ್ಲಿಗೆ ಮುಗಿಸುತ್ತಿದ್ದರು. ಡಾಕ್ಟರು ಬಂದು ಗುಣವಾಯಿತು ಎನ್ನುತ್ತಾರೆ, ಗಂಡ ಕೈ ಹಿಡಿಯುತ್ತಾನೆ, ಶುಭಂ. ತ್ರಿವೇಣಿ ಮತ್ತು ಪುಟ್ಟಣ್ಣ ಹಾಗೆ ಮಾಡಲಿಲ್ಲ. ಅವರ ಕಥೆ ಶುರುವಾಗುವುದೇ ಅವಳು ಗುಣವಾಗಿ ಬಂದ ಮೇಲೆ. ಆ ಕಾಲಕ್ಕೆ ಎಷ್ಟು ದೊಡ್ಡ ಧೈರ್ಯ ಅದು! ನಿನಗೆ ಬೇಕಾದ ಉತ್ತರ ಇರುವುದೂ ಅಲ್ಲೇ.

ಕಾವೇರಿ ಮನೆಗೆ ಬರುತ್ತಾಳೆ. ಅವಳ ಮನೆಯೇ. ಆದರೆ ಮನೆ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಾಗಿಲು ತೆರೆದೇ ಇದೆ, ಮನಸ್ಸುಗಳು ಮುಚ್ಚಿವೆ. ಮನೆಯ ಕೆಲಸದವರಿಂದ ಹಿಡಿದು ನೆರೆಯವರ ತನಕ ಎಲ್ಲರಿಗೂ ಅವಳೆಂದರೆ ಒಂದು ಥರ ಭಯ, ಒಂದು ಥರ ಕುತೂಹಲ. ಅವಳು ಬಂದರೆ ಮಾತು ನಿಲ್ಲುತ್ತದೆ. ಅವಳು ಹೋದರೆ ಶುರುವಾಗುತ್ತದೆ. ಗಂಡ ಹೊಡೆಯುವವನಲ್ಲ, ಕೂಗಾಡುವವನೂ ಅಲ್ಲ. ಸುಮ್ನೆ ದೂರ ಸರಿಯುತ್ತಾನೆ. ಗಂಗಾಧರ್ ಆ ಪಾತ್ರ ಮಾಡಿದ್ದಾರೆ. ನನಗೆ ಆ ತಣ್ಣಗಿನ ದೂರವೇ ಜಾಸ್ತಿ ಹೆದರಿಕೆ ಹುಟ್ಟಿಸಿತು.

ಸೀತೆ ವನವಾಸದಿಂದ ಮರಳಿ ಬಂದದ್ದನ್ನು ಹೇಳುವ ಹಾಡು ಒಂದಿದೆ ಇದರಲ್ಲಿ. ಪಿ. ಸುಶೀಲಾ ಹಾಡಿದ್ದಾರೆ. ಬಂದ ಸೀತೆಗೆ ಮುಂದೆ ಏನಾಯಿತು ಅಂತ ಕೇಳುವವರಿಗೆಲ್ಲ ಗೊತ್ತು. ಅದಕ್ಕೇ ಆ ಹಾಡು ಕೇಳಲು ಕಷ್ಟ. ಕಲ್ಪನಾ ಅವರ ಕಣ್ಣು ನೋಡು ಆವಾಗ. ತಾನೂ ಮರಳಿ ಬಂದವಳು, ತನ್ನನ್ನೂ ಒಪ್ಪಿಕೊಳ್ಳಿ ಅಂತ ಬಾಯಿಬಿಟ್ಟು ಕೇಳದೆ ಕೇಳುತ್ತಾಳೆ.

ಈಗ ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಗೆ ಹೋಗಿ ಬಂದವಳು ಏನು ಮಾಡಿದರೂ ಜನ ಅದರಲ್ಲಿ ಕಾಯಿಲೆಯನ್ನೇ ಹುಡುಕುತ್ತಾರೆ. ನಕ್ಕರೆ ಯಾಕೆ ನಗುತ್ತಿದ್ದಾಳೆ? ಅತ್ತರೆ ನೋಡು, ಮತ್ತೆ ಶುರುವಾಯಿತು. ಸುಮ್ಮನಿದ್ದರೆ ಏನೋ ಯೋಚನೆ ಮಾಡುತ್ತಿದ್ದಾಳೆ, ಹುಷಾರು. ಜಾಸ್ತಿ ಮಾತಾಡಿದರೆ ಮಾತ್ರೆ ತಗೊಂಡಳಾ? ನಾವೆಲ್ಲ ದಿನಕ್ಕೆ ಎಷ್ಟು ಸಲ ರೇಗುತ್ತೇವೆ, ಎಷ್ಟು ಸಲ ಪಾತ್ರೆ ಕುಕ್ಕುತ್ತೇವೆ. ಯಾರೂ ಕೇಳುವುದಿಲ್ಲ. ಅವಳಿಗೆ ಮಾತ್ರ ಆ ಅವಕಾಶ ಇಲ್ಲ.

ಕಾವೇರಿಗೆ ಕೊನೆಗೆ ಗಂಡನಿಗೆ ಇನ್ನೊಬ್ಬಳ ಸಂಗ ಇರುವುದು ಗೊತ್ತಾಗುತ್ತದೆ. ಅವಳು ಒಡೆದುಹೋಗುತ್ತಾಳೆ. ಮತ್ತೆ ಆಸ್ಪತ್ರೆಗೇ ಹೋಗುತ್ತಾಳೆ. ಹುಡುಗಿಯಾಗಿದ್ದಾಗ ನಾನು ಇದನ್ನು 'ಪಾಪ, ಮತ್ತೆ ಕಾಯಿಲೆ ಬಂತು' ಅಂತಲೇ ನೋಡಿದೆ. ಆಮೇಲೆ ಟೀವಿಯಲ್ಲಿ ನೋಡಿದಾಗ ಬೇರೆ ಕಂಡಿತು. ಮೋಸ ಗೊತ್ತಾದಾಗ ಹೆಂಡತಿಗೆ ಸಿಟ್ಟು ಬರಬೇಕಲ್ವಾ? ಆ ಇಡೀ ಮನೆಯಲ್ಲಿ ನಿಜವನ್ನು ನಿಜದ ಹಾಗೆ ನೋಡಿದವಳು ಅವಳೊಬ್ಬಳೇ. ಅವಳ ಕೋಪ ಸರಿಯಾಗಿಯೇ ಇತ್ತು. ಅದನ್ನು ಕೋಪ ಅಂತ ಒಪ್ಪಿಕೊಳ್ಳಲು ಅಲ್ಲಿ ಒಬ್ಬರಾದರೂ ಇದ್ದಿದ್ದರೆ, ಬೈಯಲು, ಅಳಲು, ಮನೆ ಬಿಟ್ಟು ಹೋಗಲು ಅವಳಿಗೆ ಒಂದು ದಾರಿ ಇರುತ್ತಿತ್ತು. ಯಾರೂ ಇರಲಿಲ್ಲ. ಅವಳಿಗೆ ತೆರೆದಿದ್ದ ಬಾಗಿಲು ಆಸ್ಪತ್ರೆಯದು ಒಂದೇ.

ನಿನ್ನ ವಯಸ್ಸಿನವರು ಈಗ ಇದನ್ನು ನೋಡಿದರೆ ಕಲ್ಪನಾ ಅವರದು ಅತಿಯಾಯಿತು ಅನ್ನಬಹುದು. ಆ ನಗು, ಆ ಕಣ್ಣು, ಆ ಕೂಗು. ನಾನು ಒಪ್ಪುವುದಿಲ್ಲ. ಆಗಿನ ಸಿನಿಮಾದ ರೀತಿಯೇ ಅದು, ನಾಟಕಕ್ಕೆ ಹತ್ತಿರ. ಅವರು ಕೂಗುವ ದೃಶ್ಯಗಳನ್ನು ಬಿಡು, ಸುಮ್ಮನೆ ಇರುವ ದೃಶ್ಯಗಳನ್ನು ನೋಡು. ಯಾರಾದರೂ ತನ್ನ ಬಗ್ಗೆ ಪಿಸುಗುಟ್ಟುವುದು ಕೇಳಿಸಿದಾಗ, ಕೇಳಿಸಲಿಲ್ಲ ಅನ್ನುವ ಹಾಗೆ ಮುಖ ಇಟ್ಟುಕೊಳ್ಳುತ್ತಾರಲ್ಲ, ಅದನ್ನು ನೋಡು. ಆ ಮುಖ ನಾನು ನಿಜಜೀವನದಲ್ಲೂ ನೋಡಿದ್ದೇನೆ. ಮುಂದೆ ಹೇಳುತ್ತೇನೆ.

ಒಂದು ವಿಷಯಕ್ಕೆ ಮಾತ್ರ ಇವತ್ತಿಗೂ ಬೇಜಾರು. ಮನೆಯಲ್ಲಿ ಹೆಣ್ಣುಮಕ್ಕಳು ಸ್ವಲ್ಪ ಜೋರಾಗಿ ಅತ್ತರೆ, ಹಟ ಮಾಡಿದರೆ, 'ಒಳ್ಳೆ ಶರಪಂಜರದ ಕಲ್ಪನಾ ಥರ ಆಡ್ತೀಯಲ್ಲ' ಎನ್ನುತ್ತಾರೆ. ಮದುವೆಮನೆಯಲ್ಲೂ ಕೇಳಿದ್ದೇನೆ, ಸ್ಟಾಫ್ ರೂಮಿನಲ್ಲೂ ಕೇಳಿದ್ದೇನೆ. ಯೋಚನೆ ಮಾಡು. ಹುಚ್ಚಿ ಅಂತ ಒಮ್ಮೆ ಹೆಸರಿಟ್ಟರೆ ಒಬ್ಬ ಹೆಣ್ಣಿನ ಬದುಕು ಏನಾಗುತ್ತದೆ ಅಂತ ತೋರಿಸಲು ಮಾಡಿದ ಸಿನಿಮಾ. ಜನ ಅದರ ಹೆಸರನ್ನೇ ತಗೊಂಡು ಇನ್ನೊಬ್ಬರಿಗೆ ಹುಚ್ಚಿ ಅನ್ನುವುದಕ್ಕೆ ಬಳಸಿದರು. ಕಲ್ಪನಾ ಅವರನ್ನೂ ಬಿಡಲಿಲ್ಲ. 1979ರಲ್ಲಿ, ಇನ್ನೂ 36 ತುಂಬುವ ಮೊದಲೇ ಅವರು ತೀರಿಕೊಂಡಾಗ ಜನ ಆಡದ ಮಾತಿಲ್ಲ. ಅವರ ಪಾತ್ರವನ್ನೂ ಅವರನ್ನೂ ಒಂದೇ ಮಾಡಿ ಮಾತಾಡಿದರು. ಅಷ್ಟು ದೊಡ್ಡ ಕಲಾವಿದೆ.

ಸಿನಿಮಾದ ಎಲ್ಲವನ್ನೂ ನಾನು ಒಪ್ಪುತ್ತೇನೆ ಅಂತಲ್ಲ. ಹಳೆಯ ಒಂದು ಗಾಯವೇ ಇಡೀ ಕಾಯಿಲೆಗೆ ಕಾರಣ ಅನ್ನುವ ಹಾಗೆ ಅದು ಕಥೆ ಹೇಳುತ್ತದೆ. ಅದರಿಂದ ನೋಡಿದವರಲ್ಲಿ ಎಷ್ಟೋ ಜನ, ಹೀಗೆ ಆಗುವವರ ಹಿಂದೆ ಏನೋ ಗುಟ್ಟು ಇರಲೇಬೇಕು ಅಂದುಕೊಂಡರು. ನಿಜ ಬೇರೆ. ನಮ್ಮ ಹಿರಿಯರು ಬಾಣಂತಿ ಸನ್ನಿ ಅನ್ನುತ್ತಿದ್ದರಲ್ಲ, ಅದು ಸಾವಿರ ಹೆರಿಗೆಯಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಹೆಚ್ಚಾಗಿ ಮೊದಲ ಎರಡು ವಾರದಲ್ಲೇ. ಹೆರಿಗೆಯಾದ ಮೇಲೆ ಮೈಯಲ್ಲಿ ಹಾರ್ಮೋನು ಒಮ್ಮೆಗೇ ಇಳಿಯುತ್ತದೆ, ನಿದ್ದೆ ಕೆಡುತ್ತದೆ. ಮನೆತನದಲ್ಲಿ ಯಾರಿಗಾದರೂ ಇಂಥದ್ದು ಇದ್ದರೆ ಸಂಭವ ಜಾಸ್ತಿ. ಏನೂ ಇಲ್ಲದೆ, ಸುಖವಾಗಿದ್ದವರಿಗೂ ಬರುತ್ತದೆ. ಬೇಗ ಡಾಕ್ಟರ ಹತ್ತಿರ ಹೋದರೆ ಚೆನ್ನಾಗಿ ಗುಣವಾಗುತ್ತದೆ. ನಿನ್ನ ಗೆಳತಿಗೆ ಏನು ಚಿಂತೆ ಇತ್ತು, ಗಂಡನ ಜೊತೆ ಸರಿಯಿರಲಿಲ್ವಾ ಅಂತ ಹುಡುಕುವವರು ಈಗಾಗಲೇ ಹುಟ್ಟಿಕೊಂಡಿರುತ್ತಾರೆ. ನೀನು ಆ ಗುಂಪಿಗೆ ಸೇರಬೇಡ. ಯಾರಾದರೂ ನಿನ್ನ ಮುಂದೆ ಕೆದಕಿದರೆ, ಹೆರಿಗೆಯಾದ ಮೇಲೆ ಬರುವ ಕಾಯಿಲೆ ಅದು, ಈಗ ವಾಸಿಯಾಗಿದೆ ಅಂತ ಹೇಳಿ ಮಾತು ಮುಗಿಸು.

ಈಗ ನಿನ್ನ ಅಜ್ಜಿಯ ವಿಷಯ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ ಅನ್ನಿಸುತ್ತದೆ.

ನಮ್ಮ ಬೀದಿಯ ಕೊನೆ ಮನೆಯಲ್ಲಿ ಒಬ್ಬ ಅತ್ತೆ ಇದ್ದರು. ನೆಂಟಸ್ತಿಕೆ ಏನಿಲ್ಲ, ಎಲ್ಲರೂ ಅತ್ತೆ ಅನ್ನುತ್ತಿದ್ದೆವು. ಅವರೂ ಹೀಗೇ ಆಸ್ಪತ್ರೆಗೆ ಹೋಗಿ ಬಂದವರು. ಬಂದ ಮೇಲೆ ಅವರ ಮನೆ ಮುಂದೆ ಮಕ್ಕಳು ಆಡುವುದು ನಿಂತಿತು. ಅರಿಶಿನ ಕುಂಕುಮಕ್ಕೆ ಕರೆಯುವುದು ನಿಂತಿತು. ಯಾರೂ ಜಗಳ ಮಾಡಲಿಲ್ಲ, ಯಾರೂ ಕೆಟ್ಟ ಮಾತು ಆಡಲಿಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೆ.

ಶರಪಂಜರ ನೋಡಿ ಬಂದ ಕೆಲವು ದಿನಕ್ಕೆ ಅಜ್ಜಿ ನನ್ನನ್ನು ಕರೆದು, "ನಾಳೆಯಿಂದ ಕೊನೆ ಮನೆಗೆ ಹೋಗಿ ಕಸೂತಿ ಕಲಿ" ಎಂದರು. ಪಕ್ಕದ ಮನೆಯವರು ಬಂದು ಮೆಲ್ಲಗೆ, "ಹುಡುಗಿನ ಅಲ್ಲಿಗೆ ಕಳಿಸ್ತೀರಾ?" ಅಂತ ಕೇಳಿದರು. ಅಜ್ಜಿ ಸಿನಿಮಾದ ಮಾತು ಎತ್ತಲಿಲ್ಲ, ದೊಡ್ಡ ಮಾತು ಆಡಲಿಲ್ಲ. "ಈ ಬೀದೀಲಿ ಅವರಷ್ಟು ಚೆನ್ನಾಗಿ ಕಸೂತಿ ಹಾಕೋರು ಯಾರಿದ್ದಾರೆ?" ಎಂದರು. ಅದು ನಿಜವೂ ಆಗಿತ್ತು. ಅತ್ತೆಯ ಗೋಪುರ, ನವಿಲು, ತುಳಸಿಕಟ್ಟೆ ಎಲ್ಲ ಹಿಂದೆ ಮುಂದೆ ಒಂದೇ ಥರ ಇರುತ್ತಿದ್ದವು, ಒಂದು ಗಂಟು ಕಾಣುತ್ತಿರಲಿಲ್ಲ.

ಹೋಗುತ್ತಾ ಹೋಗುತ್ತಾ ನನಗೆ ಅತ್ತೆ ಅಭ್ಯಾಸವಾದರು. ಒಂದು ದಿನ ಅವರು ನನ್ನನ್ನು ಚೆನ್ನಾಗಿ ಬೈದರು. ನಾನು ಎಳೆ ಎಣಿಸದೆ ಸೂಜಿ ಹಾಕಿದ್ದೆ, ಇಡೀ ಸಾಲು ಸೊಟ್ಟಗಾಗಿತ್ತು. ಬಟ್ಟೆ ಕಿತ್ತುಕೊಂಡು, "ಕಣ್ಣು ಎಲ್ಲಿಟ್ಟಿದ್ದೀಯಾ?" ಎಂದು ಜೋರು ಮಾಡಿದರು. ಆ ಕ್ಷಣಕ್ಕೇ ತಮ್ಮ ಧ್ವನಿ ತಾವೇ ಕೇಳಿಸಿಕೊಂಡವರ ಹಾಗೆ ನಿಂತುಬಿಟ್ಟರು. ಮುಖ ಬಿಳಿಚಿಕೊಂಡಿತು. ನಾನು ಮನೆಗೆ ಹೋಗಿ ಹೇಳುತ್ತೇನೆ, ನಾಳೆಯಿಂದ ಬರುವುದಿಲ್ಲ ಅಂತ ಅವರಿಗೆ ಖಾತ್ರಿಯಾಗಿತ್ತು. ಮೇಲೆ ಹೇಳಿದೆನಲ್ಲ, ಕಲ್ಪನಾ ಅವರ ಆ ಮುಖ, ಅದು ಇದೇ.

ನಾನು ಮನೆಗೆ ಬಂದು ಹೇಳಿದೆ. ಅಳುತ್ತಲೇ ಹೇಳಿದೆ. ಅಜ್ಜಿ ಕೇಳಿದ್ದು ಇಷ್ಟೇ, "ಎಳೆ ಎಣಿಸಿದ್ಯಾ?" ಇಲ್ಲ ಎಂದೆ. "ಮತ್ತೆ ಬೈಯದೆ ಏನ್ಮಾಡ್ತಾರೆ? ಬಿಚ್ಚಿ ಹಾಕು, ನಾಳೆ ತಗೊಂಡು ಹೋಗು."

ಮಾರನೇ ದಿನ ನಾನು ಬಾಗಿಲಲ್ಲಿ ಕಂಡಾಗ ಅತ್ತೆಗೆ ಆದ ಸಂತೋಷವನ್ನು ಹೇಗೆ ಬರೆಯಲಿ. ಬೇರೆ ಯಾವ ಮೇಷ್ಟ್ರು ಬೈದರೂ ಮಕ್ಕಳು ಮರುದಿನ ಶಾಲೆಗೆ ಹೋಗುತ್ತಾರಲ್ಲ, ಹಾಗೆ ನಾನು ಹೋಗಿದ್ದೆ. ಆಮೇಲೆ ಅವರು ನನ್ನನ್ನು ಧಾರಾಳವಾಗಿ ಬೈಯತೊಡಗಿದರು. ನಗುವುದೂ ಜಾಸ್ತಿಯಾಯಿತು. ನನ್ನ ಹಳೆಯ ಇಳಕಲ್ ಸೀರೆಯ ಸೆರಗಿನಲ್ಲಿ ಇರುವ ನವಿಲು ಅವರ ಕೈಯದು.

ನೀನು ಹುಟ್ಟಿದಾಗ ನನಗೂ ಕೆಲವು ದಿನ ಕಾರಣವಿಲ್ಲದೆ ಅಳು ಬರುತ್ತಿತ್ತು. ಅದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುವಂಥದ್ದು, ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಆಗ ಅದು ಗೊತ್ತಿರಲಿಲ್ಲ. ರಾತ್ರಿ ಕಾವೇರಿ ನೆನಪಾಗುತ್ತಿದ್ದಳು. ಅಜ್ಜಿ ನಿನ್ನನ್ನು ಎತ್ತಿಕೊಂಡು, "ಹಾಲಿಗೆ ಎಬ್ಬಿಸ್ತೀನಿ, ಅಲ್ಲಿ ತನಕ ಮಲಗು" ಎನ್ನುತ್ತಿದ್ದರು. ಬಾಣಂತಿಗೆ ನಿದ್ದೆಗಿಂತ ದೊಡ್ಡ ಔಷಧಿ ಇಲ್ಲ ಅನ್ನುವುದು ಅವರಿಗೆ ಗೊತ್ತಿತ್ತು.

ಕಾವೇರಿಯ ಕಾಲಕ್ಕೂ ಈಗಿನ ಕಾಲಕ್ಕೂ ಎಷ್ಟೋ ಬದಲಾಗಿದೆ. ಆ ಸಿನಿಮಾ ಬಂದಾಗ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಅನ್ನುವ ಹೆಸರೇ ಇರಲಿಲ್ಲ. ಅದು ಆದದ್ದು 1974ರಲ್ಲಿ, ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಪಕ್ಕದ ಸಂಸ್ಥೆಯನ್ನೂ ಒಂದು ಮಾಡಿ. 2009ರಿಂದ ಅಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ವಿಭಾಗ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಅದನ್ನೇ ಹೇಳುತ್ತದೆ, ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ದೂರ ಮಾಡಬಾರದು ಅಂತ. ಇದನ್ನು ಓದಿದ ದಿನ ನನಗೆ ಮೊದಲು ನೆನಪಾದದ್ದು ಕಾವೇರಿ. ಸಿನಿಮಾದ ಪಾತ್ರ ಅಂತ ಗೊತ್ತು. ಆದರೂ ಅವಳಿಗೆ ಹೋಗಿ ಹೇಳಬೇಕು ಅನ್ನಿಸಿತು.

ಆಸ್ಪತ್ರೆ ಬದಲಾಯಿತು, ಕಾನೂನು ಬಂತು. ಮನೆ, ಬೀದಿ, ನೆಂಟರು ಬದಲಾಗಿದ್ದಾರಾ ಅಂತ ಕೇಳಿದರೆ ನನಗೆ ಧೈರ್ಯವಾಗಿ ಹೌದು ಅನ್ನಲು ಆಗುವುದಿಲ್ಲ. ನೀನೇ ಭಯ ಅಂದೆಯಲ್ಲ. ನಿನ್ನಂಥ ಓದಿದ ಹುಡುಗಿಗೇ ಹಾಗಾದರೆ ಅವಳ ಅಕ್ಕಪಕ್ಕದವರಿಗೆ ಹೇಗಿರಬೇಡ.

ಹೋಗು. ಮೊದಲು ಫೋನ್ ಮಾಡಿ ಯಾವ ಹೊತ್ತಿಗೆ ಬಂದರೆ ಅನುಕೂಲ ಅಂತ ಅವಳನ್ನೇ ಕೇಳು, ಅವಳ ಗಂಡನನ್ನೋ ಅತ್ತೆಯನ್ನೋ ಅಲ್ಲ. ಅಲ್ಲಿ ಹೋದಮೇಲೆ ಅವಳ ಮುಂದೆಯೇ ಅವಳ ಬಗ್ಗೆ ಬೇರೆಯವರ ಹತ್ತಿರ 'ಈಗ ಹೇಗಿದ್ದಾಳೆ?' ಅಂತ ಕೇಳಬೇಡ. ಆಸ್ಪತ್ರೆಯ ಮಾತು ಅವಳು ತೆಗೆದರೆ ಕೇಳಿಸಿಕೋ, ತೆಗೆಯದಿದ್ದರೆ ನಿಮ್ಮ ಆಫೀಸಿನ ಸುದ್ದಿ ಹೇಳು, ಯಾರ ಮದುವೆ ಆಯಿತು, ಯಾರು ಕೆಲಸ ಬಿಟ್ಟರು ಎಲ್ಲ ಹೇಳು. ಮಗುವನ್ನು ಎತ್ತಿಕೊಳ್ಳಲಾ ಅಂತ ಅವಳನ್ನು ಕೇಳು. ವಾಪಸ್ ಕೊಡುವಾಗ ಅವಳ ಕೈಗೇ ಕೊಡು, ಸುತ್ತ ಎಷ್ಟು ಕೈ ಚಾಚಿದರೂ ಸರಿ.

ಅವಳು ಯಾರ ಮೇಲಾದರೂ ರೇಗಿದರೆ ಗಾಬರಿಯಾಗಬೇಡ. ನಿನ್ನ ಮೇಲೆ ರೇಗಿದರೂ ಅಷ್ಟೆ. ಯಾಕೆ ಅಂತ ಕೇಳು. ಕಾರಣ ಸರಿಯಿದ್ದರೆ ಸರಿ ಅನ್ನು. ತಪ್ಪು ಅನ್ನಿಸಿದರೆ ಮುಂಚೆ ಹೇಗೆ ಜಗಳ ಆಡುತ್ತಿದ್ದಿರೋ ಹಾಗೇ ಆಡು. ಇಬ್ಬರೂ ಹಾಸ್ಟೆಲಿನಲ್ಲಿ ಕಿತ್ತಾಡಿದ್ದು ನನಗೆ ಗೊತ್ತಿಲ್ವಾ. ಹಾಗಂತ ಹುಷಾರಾಗಿ ಗಮನಿಸುವುದನ್ನು ಬಿಡು ಅಂತಲ್ಲ. ಅವಳು ರಾತ್ರಿ ರಾತ್ರಿ ನಿದ್ದೆಯೇ ಬರುತ್ತಿಲ್ಲ ಅಂದರೆ ಡಾಕ್ಟರಿಗೆ ಹೇಳಿದ್ದೀಯಾ ಅಂತ ನೇರವಾಗಿ ಅವಳನ್ನೇ ಕೇಳು. ಮುಚ್ಚುಮರೆ ಬೇಡ, ಪಿಸುಮಾತು ಬೇಡ.

ಶರಪಂಜರ ನೀನು ಈಗಲೇ ನೋಡಬೇಕು ಅಂತ ನಾನು ಹೇಳುವುದಿಲ್ಲ. ಅವಳ ಮುಂದೆ ಅದರ ಹೆಸರು ಎತ್ತುವುದಂತೂ ಬೇಡವೇ ಬೇಡ. ನೀನು ಊರಿಗೆ ಬಂದಾಗ ಒಟ್ಟಿಗೆ ನೋಡೋಣ. ಕೊನೆಯ ಭಾಗ ಬಂದಾಗ ನಾನು ಎದ್ದು ಒಳಗೆ ಹೋಗುವುದಿಲ್ಲ, ನೀನೂ ಹೋಗಬಾರದು.

ಇನ್ನೊಂದು. ಬಾಣಂತಿಯನ್ನು ನೋಡಲು ಬರುವವರೆಲ್ಲ ಮಗುವಿಗೇ ತರುತ್ತಾರೆ. ಟೋಪಿ, ಕಾಲುಚೀಲ, ಗಿಲಕಿ. ನೀನು ಅವಳಿಗೆ ಅಂತ ಏನಾದರೂ ತಗೊಂಡು ಹೋಗು. ಅವಳಿಗೆ ಕಡುನೀಲಿ ಇಷ್ಟ ಅಂತ ನೀನೇ ಒಮ್ಮೆ ಹೇಳಿದ್ದೆ, ಒಂದು ಒಳ್ಳೆಯ ಹತ್ತಿಯ ಕುರ್ತಾ ನೋಡು. ಮುಂದೆ ಬಟನ್ ಇರುವುದು ತಗೋ, ಹಾಲು ಕುಡಿಸಲು ಅನುಕೂಲ.

ಪ್ರೀತಿಯಿಂದ,
ಅಮ್ಮ